ಅರ್ಧ ಇಳಿದ ಗಜ್ಜರಿ

ಮೋಡವಿಲ್ಲದ ದಿನ ಮಾತ್ರ ನಮಗೆ ಇಂಟರ್ನೆಟ್ಟು.
ಚಿಕಿತ್ಸಾಲಯದ ಮಾಡಿನ ಮೇಲೆ ಬೋಗುಣಿಯೊಂದು
ಆಕಾಶಕ್ಕೆ ಬಾಯಿ ತೆರೆದು ಕೂತಿದೆ;
ಅದು ಉಂಡು ಬಿಟ್ಟದ್ದು ಶಾಲೆಯ ಪಾಲು.

ಮೂರನೇ ತರಗತಿ. ಹನ್ನೊಂದು ಮಕ್ಕಳು, ಒಂದು ಲ್ಯಾಪ್‌ಟಾಪು.
ಪೌಷ್ಟಿಕ ಆಹಾರ, ವಾರಕ್ಕೆರಡು ಪಾಠ, ಅಂತರ್ಜಾಲದ ನೆರವಿನಿಂದ,
ಎಂದು ಇಲಾಖೆಯ ಹಾಳೆ.
ಪರದೆಯ ಮೇಲೆ ಬಳೆಯೊಂದು ತಿರುಗುತ್ತದೆ, ತಿರುಗುತ್ತದೆ,
ತನ್ನ ಬಾಲವನ್ನೇ ಅಟ್ಟುವ ನಾಯಿಮರಿಯ ಹಾಗೆ.
ಮಕ್ಕಳು ಸುತ್ತು ಎಣಿಸುತ್ತಾರೆ: ನಲವತ್ತು, ನಲವತ್ತೊಂದು...
ಈ ವರ್ಷ ಲೆಕ್ಕದಲ್ಲಿ ಯಾರೂ ಹಿಂದಿಲ್ಲ.

ಕೊನೆಗೂ ಬಂತು ತಟ್ಟೆ. ದುಂಡಗೆ, ನಾಲ್ಕು ಭಾಗ.
ಗೋಧಿ ರೊಟ್ಟಿ, ಕುಳ್ಳ ಮರದಂಥ ಬ್ರೊಕೊಲಿ,
ಪಕ್ಕದಲ್ಲಿ ಲೋಟ, ಲೋಟದ ಹಿಂದೆ ನಗುವ ಹಸು.
"ಟೀಚರ್, ಅದೆಂಥ ಹಂದಿ?" ಎಂದಳು ತಾಬೆರಾ.
ಹುಲ್ಲು ತಿನ್ನುತ್ತದೆ ಎಂದೆ. ನಾನೂ ಮುಟ್ಟಿದವಳಲ್ಲ.
ಕಿರಿಬಾಸ್‌ನ ಈ ತುಣುಕಿನ ಅಗಲ ಒಂದು ಕೂಗಿನಷ್ಟು:
ಒಳನೀರಿನ ದಡದಲ್ಲಿ ಕರೆದರೆ
ಹೊರಗಡಲ ದಡದಲ್ಲಿ ಓಗೊಡುತ್ತಾರೆ.
ಹಸು ಎಲ್ಲಿ ಮೇಯಬೇಕು?

ಆಟವೂ ಇತ್ತು: ಆಹಾರವನ್ನು ಎಳೆದು ತಟ್ಟೆಗೆ ಹಾಕಿ.
ಇಯೋಬಿ ಮೀನು ಎಳೆದ. ಟಿಂಗ್! ನಕ್ಷತ್ರ.
ತೆಂಗಿನಕಾಯಿ ಹುಡುಕಿದ, ಇರಲಿಲ್ಲ.
ಗುಂಡಿಯ ಜೌಗಿನಲ್ಲಿ ಅಜ್ಜ ಬೆಳೆಸುವ
ಆಳೆತ್ತರದ ಕೆಸು ಹುಡುಕಿದ, ಇರಲಿಲ್ಲ.
ಅವನ ಮನೆಯ ನಿತ್ಯದ ಊಟ,
ಡಬ್ಬಿಯ ಮಾಂಸ, ಬಿಳಿ ಅನ್ನ, ಹಡಗಿನ ಸಕ್ಕರೆಯ ಚಹಾ,
ಅದಕ್ಕಂತೂ ತಾವೇ ಇಲ್ಲ.
ಮತ್ತೊಮ್ಮೆ ಪ್ರಯತ್ನಿಸುವೆಯಾ? ಕೇಳಿತು ತಟ್ಟೆ.
ಅವನು ಮೀನನ್ನೂ ಹೊರಗೆಳೆದು
ಬಿಳಿ ಬಯಲಿನಲ್ಲಿ ವಾಪಸ್ ಬಿಟ್ಟ.

ಇಯೋಬಿಯ ಬಗ್ಗೆ ಹೇಳಬೇಕು.
ಹಗಲಲ್ಲಿ ಅವನಷ್ಟು ಚೂಟಿ ಇನ್ನೊಬ್ಬನಿಲ್ಲ.
ಹೊತ್ತು ಮುಳುಗಿದರೆ ಆಟ ಬಿಟ್ಟು
ಊರಚಾವಡಿಯ ಕಂಬ ಹಿಡಿದು ನಿಲ್ಲುತ್ತಾನೆ.
ಸೋಮಾರಿತನ ಅಂದುಕೊಂಡಿದ್ದೆ.
ಒಂದು ಸಂಜೆ ದೋಣಿಯ ಅಡ್ಡಮರಕ್ಕೆ ಮುಗ್ಗರಿಸಿ, ನಗುತ್ತಲೇ,
"ಕತ್ತಲೆ ನನಗೆ ಬೇಗ ಬರುತ್ತೆ ಟೀಚರ್" ಅಂದ.

ಆ ರಾತ್ರಿ ಒಂಟಿ ಬೆರಳಲ್ಲಿ ಒತ್ತಿದೆ:
ಸಂಜೆ. ಕಣ್ಣು. ಕಾಣದ. ಮಗು.
ಇರುಳುಗುರುಡು ಇರಬಹುದು ಅಂದಿತು. ದಾದಿಗೆ ತೋರಿಸಿ ಅಂದಿತು.
ಗಜ್ಜರಿ ತಿನ್ನಿಸಿ ಅಂದಿತು.

ದಾದಿ ಗುಳಿಗೆ ಕೊಟ್ಟಳು. ಗಜ್ಜರಿ ಯಾರು ಕೊಡಬೇಕು?
ಚಿತ್ರವನ್ನಾದರೂ ತೋರಿಸೋಣ ಎಂದು ತೆರೆದೆ.
ಮೇಲಿನಿಂದ ಗೆರೆಗೆರೆಯಾಗಿ ಇಳಿಯಿತು:
ಒಂದಿಷ್ಟು ಹಸಿರು ಜುಟ್ಟು,
ಅದರ ಕೆಳಗೆ ಬೆರಳಗಲ ಕಿತ್ತಳೆ ಬಣ್ಣ.
ಅಷ್ಟಕ್ಕೇ ಮೋಡ ಕವಿಯಿತು. ನಿಂತಿತು.

"ಕೇದಗೆ ಹಣ್ಣು!" ಕಿರುಚಿತು ತರಗತಿ.

ಇಲ್ಲ ಮಕ್ಕಳೇ ಎನ್ನಲು ಬಾಯಿ ತೆರೆದೆ.
ಕಿಟಕಿಯಾಚೆ ಬೇರುಗಾಲೂರಿ ನಿಂತಿತ್ತು ಮರ.
ಉದುರಿದ ತೊಳೆಗಳು ನೆಲದಲ್ಲಿ,
ತುದಿಗೆ ಹಸಿರು, ಬುಡಕ್ಕೆ ಅದೇ ಬಣ್ಣ.
ಬಾಯಿ ಮುಚ್ಚಿದೆ.

ಮಧ್ಯಾಹ್ನದ ಪಾಠ ಮರದಡಿ.
ನಮ್ಮ ಕೇದಗೆ ಮುಡಿಯುವುದಲ್ಲ, ಅಗಿಯುವುದು;
ಹಲ್ಲಿಗೆ ನಾರು ಸಿಕ್ಕಿ, ಗಲ್ಲಕ್ಕೆ ರಸ ಇಳಿದು
ಹನ್ನೆರಡು ಬಾಯಿಗಳೂ ಬಣ್ಣದ ಕುಂಚ.
ನಮ್ಮಜ್ಜಿ ಇದನ್ನು ಬೇಯಿಸಿ, ಬಡಿದು, ಒಣಗಿಸಿ
ಚಾಪೆಯಂತೆ ಸುರುಳಿ ಸುತ್ತಿಡುತ್ತಿದ್ದಳು.
ಡಬ್ಬಿಗಳು ಬಂದ ಮೇಲೆ ಹಣ್ಣೆಲ್ಲ ಏಡಿಗಳಿಗೆ.
"ಅದಕ್ಕೇ ಏಡಿಗಳು ರಾತ್ರಿ ಓಡಾಡೋದು"
ಎಂದ ಇಯೋಬಿ, ಗಂಭೀರವಾಗಿ.

ಎರಡು ವಾರ ಕಳೆದವು. ನಿನ್ನೆ ಸಂಜೆ
ತಟ್ಟೆ ಮಾಡಿದವರಿಗೆ ಹಣ್ಣಿನ ಫೋಟೋ ಕಳಿಸಲು ಕೂತೆ:
ಇದಕ್ಕೂ ಒಂದು ಮೂಲೆ ಕೊಡಿ, ಆಗದಿದ್ದರೆ ನಕ್ಷತ್ರವಾದರೂ.
ನೂರರಲ್ಲಿ ಒಂಬತ್ತು ಪಾಲು ಹೋಗಿತ್ತು. ಬಳೆ ತಿರುಗುತ್ತಿತ್ತು.
ಕಂಬ ಹಿಡಿದು ನಿಂತವನು ಕೇಳಿದ, ಹೋಯಿತಾ?
ಇನ್ನೂ ಇಲ್ಲ. ನಿನಗೇನು ಕಾಣುತ್ತಿದೆ?
ಏನೋ ತಿರುಗುತ್ತಿದೆ, ಅಂದ.

ಕಳಿಸುವುದು ನಾಳೆಗಿರಲಿ.
ಪರದೆಯನ್ನು ಮೆಲ್ಲಗೆ ಮಡಚಿ, ಬೆಳಕೆಲ್ಲ ಒಳಗಿಟ್ಟು,
"ಈಗ?" ಎಂದೆ.